ಕುಡಿತ, ಕಾನೂನು, ಕೃಪೆ: ಯೌವನಸ್ಥರ ಕೂಟದ ಸಂದೇಶ

ಎಲ್ಲರೂ ಒಂದ್ಸಲ ಸ್ತೋತ್ರ ಹೇಳಿ. ಜ್ಞಾನೋಕ್ತಿಗಳು 23ನೇ ಅಧ್ಯಾಯ, 29ನೇ ವಚನ ತೆಗೆದುಕೊಳ್ಳಿ. ಮೊಬೈಲಲ್ಲಿ ತೆಗೆಯೋರು ದಾರೀಲಿ ಇನ್‌ಸ್ಟಾಗ್ರಾಂ ಹತ್ತಿರ ನಿಲ್ಲಬೇಡಿ.

ಇವತ್ತಿನ ವಿಷಯ ಬಂದಿದ್ದು ಒಂದು ಮೆಸೇಜಿಂದ. ನಮ್ಮ ಸಭೆಯ ಒಬ್ಬ ತಮ್ಮ ಪಿಯುಸಿ ಮುಗಿಸಿ ಡಿಗ್ರಿ ಓದೋಕೆ ಅಮೆರಿಕಕ್ಕೆ ಹೋಗಿದ್ದಾನೆ. ವಯಸ್ಸು 19. ಹಾಸ್ಟೆಲ್ ರೂಮಲ್ಲಿ ಸ್ನೇಹಿತರ ಜೊತೆ ಕುಡಿಯುವಾಗ ಸಿಕ್ಕಿಬಿದ್ದ. ಕಾಲೇಜಿನವರು ಅವನನ್ನು ಆಲ್ಕೋಹಾಲ್ ಕ್ಲಾಸಿಗೆ ಕಳಿಸಿದರು. ಅದು ಮುಗಿದ ಮೇಲೆ ನನಗೆ ಬರೆದ: "ಪಾಸ್ಟರ್, ನಾನು ಎಷ್ಟು ಕುಡೀತೀನಿ ಅನ್ನೋ ನಿಜಾನ ಮೊದಲ ಸಲ ಹೇಳಿದ್ದು ಆ ಕ್ಲಾಸಲ್ಲಿ. ಹುಟ್ಟಿದಾಗಿಂದ ಬಂದ ಚರ್ಚಲ್ಲಿ ಯಾಕೆ ಹೇಳೋಕೆ ಆಗಲಿಲ್ಲ?" ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಯಾರು ಅಂತ ಪತ್ತೆ ಹಚ್ಚೋಕೆ ಹೋಗಬೇಡಿ.

ಮೊದಲು ಆ ಕ್ಲಾಸ್ ಏನು ಅಂತ ತಿಳ್ಕೊಳ್ಳೋಣ. ಅಮೆರಿಕದಲ್ಲಿ 1984ರಲ್ಲಿ ಒಂದು ಕಾನೂನು ಬಂತು. 21 ವರ್ಷದೊಳಗಿನವರಿಗೆ ಮದ್ಯ ಸಿಗದ ಹಾಗೆ ಮಾಡದ ರಾಜ್ಯಗಳಿಗೆ ಕೇಂದ್ರ ಸರ್ಕಾರ ಹೆದ್ದಾರಿಗೆ ಕೊಡುವ ಹಣವನ್ನು ಕಡಿತ ಮಾಡುತ್ತೆ ಅಂತ. 1988ರ ಹೊತ್ತಿಗೆ 50 ರಾಜ್ಯಗಳೂ 21ಕ್ಕೆ ಬಂದವು. ಆದರೆ ಕಾಲೇಜಿಗೆ ಬರೋ ಮಕ್ಕಳ ವಯಸ್ಸು 18. ಹಾಗಾಗಿ ಸಿಕ್ಕಿಬೀಳೋರ ಸಾಲು ನಿಲ್ಲಲಿಲ್ಲ. ಮೊದಲ ಸಲ ಸಿಕ್ಕವರನ್ನು ಜೈಲಿಗೆ ಹಾಕೋದಾ, ಕಾಲೇಜಿಂದ ಹೊರಗೆ ಹಾಕೋದಾ? ಬಹಳ ಕಡೆ ಅವರು ಹಿಡಿದ ದಾರಿ ಕ್ಲಾಸ್. ಕೆಲವು ಕಡೆ ಅದು ಆನ್‌ಲೈನ್. ಅದರ ಕಥೆ ನಿಮಗೇ ಗೊತ್ತು, ಆಫೀಸಿನ ಟ್ರೈನಿಂಗ್ ವಿಡಿಯೋ ಹಾಗೆ ಮ್ಯೂಟ್ ಮಾಡಿ ನೆಕ್ಸ್ಟ್, ನೆಕ್ಸ್ಟ್ ಒತ್ತಿದರೆ ಸರ್ಟಿಫಿಕೇಟ್ ಬರುತ್ತೆ.

ಇನ್ನು ಕೆಲವು ಕಡೆ ಮುಖಾಮುಖಿ ಕೂರಿಸ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆಲನ್ ಮಾರ್ಲೆಟ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಬೇಸಿಕ್ಸ್ ಅನ್ನೋ ಕ್ರಮವನ್ನು ರೂಪಿಸಿದರು, ಅದರ ಕೈಪಿಡಿ 1999ರಲ್ಲಿ ಬಂತು. ಎರಡು ಸಲ ಕೂರೋದು, ಒಂದೊಂದು ಸಲ ಸುಮಾರು 50 ನಿಮಿಷ. ಅಲ್ಲಿ ಭಾಷಣ ಇಲ್ಲ, ಕೇಳೋದೇ ಜಾಸ್ತಿ. ಹೋದ ತಿಂಗಳು ಯಾವ್ಯಾವ ದಿನ ಕುಡಿದೆ, ಎಷ್ಟು, ಮಾರನೇ ದಿನ ಏನಾಯ್ತು, ನಿನ್ನ ಗುರಿ ಏನು, ಇದು ಆ ಗುರಿಗೆ ಹತ್ತಿರ ಒಯ್ಯುತ್ತಾ, ದೂರ ಒಯ್ಯುತ್ತಾ?

ಈಗ ವಚನ ನೋಡಿ. ಜ್ಞಾನಿಯು ಕುಡುಕನ ಬಗ್ಗೆ ಮಾತಾಡೋಕೆ ಶುರುಮಾಡೋದು ಹೇಗೆ? ಬೈಗುಳದಿಂದ ಅಲ್ಲ, ಪ್ರಶ್ನೆಗಳಿಂದ. ಗೋಳು ಯಾರಿಗೆ, ದುಃಖ ಯಾರಿಗೆ, ಜಗಳ ಯಾರಿಗೆ, ಗೊಣಗಾಟ ಯಾರಿಗೆ, ಕಾರಣ ಇಲ್ಲದ ಗಾಯ ಯಾರಿಗೆ, ಕಣ್ಣು ಕೆಂಪಾಗಿರೋದು ಯಾರಿಗೆ ಅಂತ ಆರು ಪ್ರಶ್ನೆ ಕೇಳ್ತಾನೆ. "ನೋಡಬೇಡ" ಅನ್ನೋ ಆಜ್ಞೆ ಬರೋದು ಆಮೇಲೆ, 31ನೇ ವಚನದಲ್ಲಿ. ಏದೇನ್ ತೋಟದಲ್ಲೂ ಹಾಗೇ. ಆದಾಮ ಮರದ ಹಿಂದೆ ಅಡಗಿದಾಗ ದೇವರು ಮೊದಲು ಕೇಳಿದ್ದು ಎಲ್ಲಿದ್ದೀ ಅಂತ. ದೇವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೂ ಅವನ ಬಾಯಿಂದ ಬರಲಿ ಅಂತ ಕೇಳಿದರು.

ಆ ತಮ್ಮನಿಗೆ ನಾನು ಕೊಟ್ಟ ಉತ್ತರ ಇದೇ: ಅಲ್ಲಿ ಯಾರೋ ಕೇಳಿದರು, ಕೇಳಿದ್ದು ಆ ರೂಮಿನಾಚೆ ಹೋಗಲ್ಲ ಅನ್ನೋ ನಂಬಿಕೆ ನಿನಗಿತ್ತು. ನಮ್ಮ ಸಭೆಗಳಲ್ಲಿ ಒಬ್ಬ ಹುಡುಗ ಬಾಯಿಬಿಟ್ಟರೆ ಸಂಜೆಯೊಳಗೆ ಅದು "ಪ್ರಾರ್ಥನಾ ವಿಷಯ" ಆಗಿ ನಾಲ್ಕು ವಾಟ್ಸಾಪ್ ಗ್ರೂಪ್ ಸುತ್ತುತ್ತೆ. ನಗಬೇಡಿ, ನಿಜ ತಾನೇ? ಒಬ್ಬರ ಪಾಪ ಇನ್ನೊಬ್ಬರಿಗೆ ಅರಿಕೆ ಮಾಡಿ ಅಂತ ಯಾಕೋಬ ಬರೆದ. ಬ್ರಾಡ್‌ಕಾಸ್ಟ್ ಮಾಡಿ ಅಂತ ಬರೀಲಿಲ್ಲ.

ಆ ಕ್ಲಾಸಲ್ಲಿ ಇನ್ನೊಂದು ಕೆಲಸ ಮಾಡ್ತಾರೆ. ನಿನ್ನ ಕಾಲೇಜಲ್ಲಿ ಬೇರೆಯವರು ಎಷ್ಟು ಕುಡೀತಾರೆ ಅಂತ ನಿನ್ನ ಅಂದಾಜು ಕೇಳ್ತಾರೆ. ಆಮೇಲೆ ನಿಜವಾದ ಲೆಕ್ಕ ಮುಂದಿಡ್ತಾರೆ. ಸಾಮಾನ್ಯವಾಗಿ ಅಂದಾಜೇ ದೊಡ್ಡದಿರುತ್ತೆ. "ಎಲ್ಲರೂ ಕುಡೀತಾರೆ ಪಾಸ್ಟರ್" ಅನ್ನೋ ಮಾತು ಇಲ್ಲಿ ಬೀಳುತ್ತೆ. ಇದನ್ನು ಓದಿದಾಗ ನನಗೆ ನೆನಪಾಗಿದ್ದು 1 ಅರಸುಗಳು 19. ಎಲೀಯ ನಾನೊಬ್ಬನೇ ಉಳಿದೆ ಅಂತ ಗೋಳಾಡ್ತಾನೆ. ದೇವರು ಅವನಿಗೆ ಕೊಟ್ಟಿದ್ದು ಒಂದು ಸಂಖ್ಯೆ. ಬಾಳನಿಗೆ ಮೊಣಕಾಲೂರದ 7000 ಜನ ಇದ್ದಾರೆ ಅಂತ. ಟೀಮ್ ಔಟಿಂಗಲ್ಲಿ ಜ್ಯೂಸ್ ಗ್ಲಾಸ್ ಹಿಡಿದು ಒಬ್ಬರೇ ಮೂಲೇಲಿ ನಿಂತಿರೋ ಸಹೋದರ ಸಹೋದರಿಯರೇ, ಆ ಸಂಖ್ಯೆ ಮರೀಬೇಡಿ.

ಈಗ ಕಷ್ಟದ ಪ್ರಶ್ನೆ. ನಮ್ಮ ಹಿರಿಯರೊಬ್ಬರು ಕೇಳಿದರು: "ಕುಡಿಯಲೇಬಾರದು ಅಂತ ಕಾನೂನಿದೆ, ದೇವರ ವಾಕ್ಯ ಇದೆ. ಅಂಥ ಹುಡುಗನನ್ನು ಕೂರಿಸಿ ಅಪಾಯ ಇಲ್ಲದೆ ಕುಡಿಯೋದು ಹೇಗೆ ಅಂತ ಹೇಳೋದು ಪಾಪಕ್ಕೆ ಪಾಠ ಹೇಳಿದ ಹಾಗಲ್ವಾ?" ಹಗುರವಾದ ಪ್ರಶ್ನೆ ಅಲ್ಲ ಇದು. ನಾನು ಕುಡಿಯೋದೇ ಬೇಡ ಅನ್ನೋನು, ಈ ವೇದಿಕೆಯಿಂದ ಬೇರೆ ಮಾತು ಬರಲ್ಲ. ಆದರೂ ಆ ಪಾಠದಲ್ಲಿ ಏನಿದೆ ಅಂತ ನೋಡಿ, ಆಮೇಲೆ ತೀರ್ಪು ಕೊಡಿ.

ಒಂದು ಡ್ರಿಂಕ್ ಅಂದರೆ ಅಲ್ಲಿ 14 ಗ್ರಾಂ ಆಲ್ಕೋಹಾಲ್. ದೇಹ ಅದನ್ನು ಕರಗಿಸೋಕೆ ಹೆಚ್ಚು ಕಡಿಮೆ ಒಂದು ಗಂಟೆ ಬೇಕು. ಕಾಫಿ ಕುಡಿದರೂ, ತಣ್ಣೀರು ಸುರ್ಕೊಂಡರೂ ಬೇಗ ಕರಗಲ್ಲ. ನಮ್ಮೂರ ಲೆಕ್ಕಕ್ಕೆ ಬನ್ನಿ. 650 ಎಂಎಲ್ ಬಾಟಲಿ, 8 ಪರ್ಸೆಂಟ್ ಸ್ಟ್ರಾಂಗ್ ಬಿಯರ್, ಅದರಲ್ಲಿ ಸುಮಾರು 41 ಗ್ರಾಂ ಇರುತ್ತೆ. "ಒಂದೇ ಬಿಯರ್ ಮಚ್ಚಾ" ಅಂದೋನು ಹತ್ತಿರ ಹತ್ತಿರ ಮೂರು ಡ್ರಿಂಕ್ ಕುಡಿದಿದ್ದಾನೆ. ಗಾಡಿ ಕೀ ಅವನ ಜೇಬಲ್ಲೇ ಇದೆ.

ಇನ್ನೊಂದು ಪಾಠ. ಸ್ನೇಹಿತ ಜಾಸ್ತಿ ಕುಡಿದು ಬಿದ್ದಿದ್ದಾನೆ, ಅಲ್ಲಾಡಿಸಿದರೆ ಏಳಲ್ಲ, ಉಸಿರು ನಿಧಾನ, ತುಟಿ ನೀಲಿಯಾಗ್ತಿದೆ. "ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗುತ್ತೆ" ಅನ್ನೋ ಮಾತು ಜೀವ ತೆಗೆಯುತ್ತೆ. ಹೊಟ್ಟೇಲಿ ಉಳಿದಿರೋದು ಅವನು ಮಲಗಿದ ಮೇಲೂ ರಕ್ತಕ್ಕೆ ಸೇರ್ತಾನೇ ಇರುತ್ತೆ. ಅಂಗಾತ ಮಲಗಿಸಬೇಡಿ, ವಾಂತಿ ಉಸಿರಿಗೆ ಅಡ್ಡ ಬರುತ್ತೆ. ಪಕ್ಕಕ್ಕೆ ತಿರುಗಿಸಿ, ಒಬ್ಬರು ಹತ್ತಿರಾನೇ ಇರಿ, 108ಕ್ಕೆ ಫೋನ್ ಮಾಡಿ. ಅಮೆರಿಕದ ಬಹಳ ರಾಜ್ಯಗಳಲ್ಲಿ ಇದಕ್ಕಾಗಿಯೇ ಒಂದು ಕಾನೂನಿದೆ. ಬಿದ್ದ ಸ್ನೇಹಿತನಿಗಾಗಿ ಸಹಾಯ ಕೇಳಿ ಫೋನ್ ಮಾಡಿದ ಹುಡುಗನ ಮೇಲೆ, ಅವನೂ ಕುಡಿದಿದ್ದರೂ, ಅಪ್ರಾಪ್ತ ವಯಸ್ಸಿನ ಕುಡಿತದ ಕೇಸ್ ಹಾಕಲ್ಲ. ಕೇಸ್ ಆಗುತ್ತೆ ಅನ್ನೋ ಭಯಕ್ಕೆ ಫೋನ್ ಮಾಡದೆ ಸ್ನೇಹಿತ ಸಾಯಬಾರದು ಅಂತ.

ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಎತ್ತಲ್ವಾ ಅಂತ ಯೇಸು ಕೇಳಿದರು. ಹಾಗೆ ಕೇಳಿದ್ದರಿಂದ ಸಬ್ಬತ್ ರದ್ದಾಗಲಿಲ್ಲ. ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: ಅಣ್ಣಾ, ಸತ್ತ ಹುಡುಗನಿಗೆ ಸುವಾರ್ತೆ ಹೇಳೋಕೆ ಆಗಲ್ಲ. ಜೀವ ಉಳಿಸೋ ಪಾಠ ಪರಿಶುದ್ಧತೆಗೆ ಶತ್ರು ಅಲ್ಲ. ಅವರು ಪೂರ್ತಿ ಒಪ್ಪಲಿಲ್ಲ. ಇರಲಿ.

ಇನ್ನೊಬ್ಬಳು ತಂಗಿ ಇನ್ನೂ ಒಳಗೆ ಹೋಗಿ ಕೇಳಿದಳು: ಬಲವಂತಕ್ಕೆ ಕೂತು ಹೇಳಿದ ನಿಜ ನಿಜಾನಾ? ಚೀಟಿ ಹರಿದುಕೊಟ್ಟರು ಅಂತ ಹೋದೋನು ಬದಲಾದರೆ ಅದು ಮಾನಸಾಂತರಾನಾ? ಲೂಕ 15ರ ಕಿರಿಯ ಮಗನನ್ನು ನೋಡಿ. ಅವನು ಮನೆ ಕಡೆ ತಿರುಗಿದ್ದು ಅಪ್ಪನ ಮೇಲಿನ ಪ್ರೀತಿಗಾ? ಹೊಟ್ಟೆ ಹಸಿದಿತ್ತು. ಅಪ್ಪನ ಮನೆ ಆಳುಗಳಿಗೂ ಊಟ ಇದೆ ಅನ್ನೋದು ಮೊದಲು ನೆನಪಾಯ್ತು. ಅಂಥ ಉದ್ದೇಶದಿಂದ ಹೊರಟೋನನ್ನು ನೋಡಿ ಅಪ್ಪ ಓಡಿ ಬಂದ. ಹಾಗಾಗಿ ಹೇಗೆ ಹೊರಟೆ ಅನ್ನೋದಕ್ಕೆ ನಾನು ಜಾಸ್ತಿ ತಲೆಕೆಡಿಸಿಕೊಳ್ಳಲ್ಲ. ಕಾನೂನು ನಿನ್ನನ್ನು ಕುರ್ಚಿವರೆಗೆ ತರಬಹುದು. ಬಾಯಿ ತೆರೆಯೋದು ನಿನ್ನ ಕೈಲಿದೆ.

ಆದರೆ ಕ್ಲಾಸಿಗೂ ಒಂದು ಎಲ್ಲೆ ಇದೆ. ಅದು ಲೆಕ್ಕ ಕೊಡುತ್ತೆ, ಅಪಾಯ ತೋರಿಸುತ್ತೆ. ಶುಕ್ರವಾರ ರಾತ್ರಿ ಪಿಜಿ ರೂಮಲ್ಲಿ ಒಬ್ಬನೇ ಕೂತಾಗ ಬರೋ ಆ ಖಾಲಿತನಕ್ಕೆ ಏನು ತುಂಬೋದು? ಎಫೆಸ 5:18ರಲ್ಲಿ ಪೌಲ ದ್ರಾಕ್ಷಾರಸವನ್ನೂ ಪವಿತ್ರಾತ್ಮನನ್ನೂ ಒಂದೇ ವಚನದಲ್ಲಿ ಎದುರುಬದುರು ಇಡ್ತಾನೆ. ಬಿಡು ಅಂದು ಖಾಲಿ ಕೈಲಿ ಕಳಿಸಲ್ಲ. ತೀತ 2ರಲ್ಲಿ ಇನ್ನೂ ಸೊಗಸಾಗಿದೆ. ಅಲ್ಲಿ ಬೇಡ ಅನ್ನೋಕೆ ಕಲಿಸೋ ಟೀಚರ್ ಯಾರು ಗೊತ್ತಾ? ಕೃಪೆ. ಭಯ ಅಲ್ಲ. ಈ ಟೀಚರ್ 50 ನಿಮಿಷಕ್ಕೆ ಬೆಲ್ ಹೊಡೆದು ಹೋಗಲ್ಲ, ಹಲ್ಲೆಲೂಯ. ಸರ್ಟಿಫಿಕೇಟೂ ಕೊಡಲ್ಲ. (ದೀಕ್ಷಾಸ್ನಾನದ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ಅದರ ಕೆಳಗೇ ಕೂತು ಕುಡಿಯೋರೂ ಇದ್ದಾರೆ, ಆ ವಿಷಯ ಇನ್ನೊಂದು ದಿನಕ್ಕೆ.)

ಯೂತ್ ಲೀಡರ್‌ಗಳಿಗೆ ಒಂದು ಮಾತು. ರಾತ್ರಿ ಎರಡು ಗಂಟೆಗೆ ಕೋರಮಂಗಲದಿಂದ ಒಬ್ಬ ಹುಡುಗ ನಿಮಗೆ ಫೋನ್ ಮಾಡಿ "ಅಣ್ಣಾ, ಕುಡಿದುಬಿಟ್ಟಿದ್ದೀನಿ, ಗಾಡಿ ಓಡಿಸೋಕೆ ಭಯ ಆಗ್ತಿದೆ" ಅಂದರೆ ಎದ್ದು ಹೋಗಿ ಕರ್ಕೊಂಡು ಬನ್ನಿ. ದಾರೀಲಿ ಉಪದೇಶ ಬೇಡ. ಮಾರನೇ ದಿನ ಊಟ ಹಾಕಿ, ಆಮೇಲೆ ಕೇಳಿ.

ಇವತ್ತು ಮೀಟಿಂಗ್ ಮುಗಿದ ಮೇಲೆ ಪಕ್ಕದ ರೂಮಲ್ಲಿ ನಾನಿರ್ತೀನಿ, ಸಹೋದರಿಯರಿಗೆ ನನ್ನ ಹೆಂಡತಿ ಇರ್ತಾರೆ, ಒಂಬತ್ತು ಗಂಟೆವರೆಗೆ. ಹೆಸರು ಬರ್ಕೊಳ್ಳಲ್ಲ. ಜೀವಕ್ಕೆ ಅಪಾಯ ಇದ್ದರೆ ಬಿಟ್ಟು, ಮನೆಗೆ ಫೋನ್ ಮಾಡಲ್ಲ. ಕುಡಿತ ಬಿಡೋಕೆ ಹೋದಾಗ ಕೈ ನಡುಗೋ ಮಟ್ಟಕ್ಕೆ ಹೋಗಿರೋರು ಇದ್ದರೆ ಡಾಕ್ಟರ ಹತ್ತಿರ ನಾನೇ ಜೊತೆಗೆ ಬರ್ತೀನಿ, ಪ್ರಾರ್ಥನೆನೂ ಮಾಡೋಣ, ಔಷಧಿನೂ ತಗೊಳ್ಳೋಣ. ಎದ್ದು ನಿಲ್ಲಿ, ಕಣ್ಣು ಮುಚ್ಚಿ. ಪಕ್ಕದವರನ್ನು ನೋಡಬೇಡಿ.