ಮನೆಯಲ್ಲೇ ಸಂಪಾದನೆ: ಲಾಭ ಬರುವುದು ಯಾರ ಕಿಸೆಯಿಂದ?

ತಾಯಂದಿರು ಸಂಪಾದಿಸಬಹುದೇ ಎಂಬುದು ಈ ಲೇಖನದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಎಂದೋ ಸಿಕ್ಕಿದೆ. ವಿಶ್ವಾಸಿಗಳ ಮಾತೆ ಹ. ಖದೀಜಾ(ರ) ಮಕ್ಕಾದ ಹೆಸರಾಂತ ವ್ಯಾಪಾರಿಯಾಗಿದ್ದರು. ಅವರ ಸರಕು ಸಿರಿಯಾದವರೆಗೂ ಹೋಗುತ್ತಿತ್ತು. ಸಂಸಾರದ ಖರ್ಚಿನ ಹೊಣೆಯನ್ನು ಇಸ್ಲಾಮ್ ಗಂಡನ ಮೇಲೆ ಹೊರಿಸಿದೆ. ಹೆಣ್ಣು ದುಡಿದರೆ ಆ ಹಣದ ಹಕ್ಕನ್ನು ಅವಳಿಗೇ ಕೊಟ್ಟಿದೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಮಕ್ಕಳು ಶಾಲೆ ಕಲಿತದ್ದು ಬೀಡಿ ಸುತ್ತಿದ ತಾಯಂದಿರ ಬೆರಳುಗಳಿಂದ. ಹೊಲಿಗೆ, ಮೆಹಂದಿ, ರೊಟ್ಟಿ, ಉಪ್ಪಿನಕಾಯಿ ಇವುಗಳಿಂದ ಸಂಸಾರ ನಡೆಸಿದ ಸಹೋದರಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ.

ನಮ್ಮ ಪ್ರಶ್ನೆ ಬೇರೆ. ಕೆಲವು ವರ್ಷಗಳಿಂದ ನಮ್ಮ ಮನೆಗಳ ಬಾಗಿಲನ್ನು ಇನ್ನೊಂದು ಬಗೆಯ ಉದ್ಯೋಗ ತಟ್ಟುತ್ತಿದೆ. ಅದಕ್ಕೆ ನೇರ ಮಾರಾಟ ಎಂದು ಹೆಸರು. ಅಂಗಡಿಯಿಲ್ಲ, ಬಾಡಿಗೆಯಿಲ್ಲ. ಕಂಪೆನಿಯ ಸೋಪು, ಪೌಡರು, ಪಾತ್ರೆ, ಪೌಷ್ಟಿಕ ಪುಡಿಗಳನ್ನು ನಾವೇ ಖರೀದಿಸಿ, ಬಂಧುಬಳಗಕ್ಕೆ ಮಾರಬೇಕು. 1990ರ ದಶಕದ ಕೊನೆಯಲ್ಲಿ ಟಪ್ಪರ್‌ವೇರ್, ಆಮ್‌ವೇ ಮುಂತಾದ ಕಂಪೆನಿಗಳು ಈ ಪದ್ಧತಿಯನ್ನು ಭಾರತದ ಮನೆಗಳಿಗೆ ತಂದುವು. ಇಂದು ಅದೇ ಮಾತು ವಾಟ್ಸಾಪ್‌ನಲ್ಲಿ ಬರುತ್ತದೆ: "ಆಪಾ, ಮಕ್ಕಳನ್ನು ಬಿಟ್ಟು ಎಲ್ಲಿಗೂ ಹೋಗಬೇಕಿಲ್ಲ. ಕೇವಲ ಆರು ಮಂದಿಯನ್ನು ಸೇರಿಸಿ. ಅವರು ತಲಾ ಆರು ಮಂದಿಯನ್ನು ಸೇರಿಸುತ್ತಾರೆ. ಆಮೇಲೆ ಕುಳಿತಲ್ಲಿಗೇ ಹಣ ಬರುತ್ತದೆ." ಮದ್ರಸಕ್ಕೆ ಮಕ್ಕಳನ್ನು ಬಿಡಲು ಬರುವ ತಾಯಂದಿರು ನಮ್ಮಂತಹ ಅಧ್ಯಾಪಕರನ್ನು ಕೇಳುವುದುಂಟು: "ಉಸ್ತಾದರೇ, ಇದು ಹಲಾಲೇ?"

ಎಲ್ಲ ನೇರ ಮಾರಾಟವನ್ನೂ ಒಂದೇ ಮಾತಿನಲ್ಲಿ ಹರಾಮ್ ಎನ್ನುವುದು ಅನ್ಯಾಯವಾದೀತು. ಸರಕನ್ನು ಕೊಂಡು, ಅದು ಬೇಕಾದವರಿಗೆ ನ್ಯಾಯವಾದ ಬೆಲೆಗೆ ಮಾರಿ, ನಡುವಿನ ಲಾಭ ಪಡೆಯುವುದು ಶುದ್ಧ ವ್ಯಾಪಾರ. ಆದರೆ ಆದಾಯವು ಸರಕಿನಿಂದ ಬಾರದೆ, ಹೊಸಬರ ಸೇರ್ಪಡೆಯಿಂದ ಬರುವುದಾದರೆ ಅಲ್ಲಿ ಮಾರಾಟವಾಗುವ ವಸ್ತು ಸೋಪಲ್ಲ, ಆಸೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಇದು: ನನ್ನ ಲಾಭ ಯಾರ ಕಿಸೆಯಿಂದ ಬರುತ್ತದೆ? ಆ ಸರಕು ನಿಜವಾಗಿ ಬೇಕಾಗಿದ್ದ ಗಿರಾಕಿಯಿಂದಲೇ, ಅಥವಾ ನನ್ನಂತೆಯೇ ಶ್ರೀಮಂತಳಾಗಲು ಬಂದ ಇನ್ನೊಬ್ಬ ತಾಯಿಯಿಂದಲೇ?

ಆರು ಮಂದಿಯ ಲೆಕ್ಕವನ್ನೇ ಕಾಗದದಲ್ಲಿ ಬರೆದು ನೋಡೋಣ. ಒಬ್ಬಳ ಕೆಳಗೆ 6, ಅವರ ಕೆಳಗೆ 36, ಅನಂತರ 216, ಬಳಿಕ 1,296. ಹತ್ತನೆಯ ಮೆಟ್ಟಿಲಿಗೆ ಬೇಕಾಗುವ ಜನ 6,04,66,176. 2011ರ ಜನಗಣತಿಯಂತೆ ಹಸುಗೂಸುಗಳೂ ಸೇರಿ ಇಡೀ ಕರ್ನಾಟಕದ ಜನಸಂಖ್ಯೆ 6,10,95,297! ಮೇಲಿನ ಒಂಬತ್ತು ಮೆಟ್ಟಿಲುಗಳವರನ್ನೂ ಕೂಡಿಸಿದರೆ ಒಟ್ಟು ಏಳು ಕೋಟಿ ದಾಟುತ್ತದೆ. ಅಂದರೆ ಹತ್ತನೆಯ ಮೆಟ್ಟಿಲು ತುಂಬುವ ಮೊದಲೇ ರಾಜ್ಯದಲ್ಲಿ ಜನರು ಮುಗಿದಿರುತ್ತಾರೆ. ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಈ ಏಣಿ ಯಾವ ಮೆಟ್ಟಿಲಿನಲ್ಲಿ ನಿಂತರೂ, ಸೇರಿದ ಪ್ರತಿ ಆರು ಮಂದಿಯಲ್ಲಿ ಸುಮಾರು ಐವರು ಕಟ್ಟಕಡೆಯ ಮೆಟ್ಟಿಲಿನಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ಅವರು ಸೋಮಾರಿಗಳೆಂದೋ ಜಾಣತನ ಸಾಲದೆಂದೋ ಸೋತವರಲ್ಲ. ಏಣಿಯನ್ನು ಕಟ್ಟಿದ ರೀತಿಯೇ ಹಾಗಿದೆ.

ಇಲ್ಲಿ ಕೆಲವರು ಆಕ್ಷೇಪಿಸುತ್ತಾರೆ: "ಎಲ್ಲ ವ್ಯಾಪಾರದಲ್ಲೂ ಸೋಲುವವರಿದ್ದಾರೆ. ಕಿರಾಣಿ ಅಂಗಡಿಯೂ ಮುಚ್ಚುವುದಿಲ್ಲವೇ?" ನಿಜ. ಆದರೆ ಕಿರಾಣಿ ಅಂಗಡಿಯವನ ಲಾಭಕ್ಕೆ ಇನ್ನೈದು ಅಂಗಡಿಗಳು ಮುಳುಗಲೇಬೇಕೆಂಬ ನಿಯಮವಿಲ್ಲ. ತನ್ನ ಬೀದಿಯಲ್ಲೇ ಇನ್ನಾರು ಕಿರಾಣಿ ಅಂಗಡಿ ತೆರೆಯಿರೆಂದು ಅವನು ನೆರೆಯವರನ್ನು ಒತ್ತಾಯಿಸುತ್ತಾ ತಿರುಗುವುದೂ ಇಲ್ಲ. ಈ ಏಣಿಯಲ್ಲಾದರೋ ಮೇಲಿನವರ ಗಳಿಕೆ ಕೆಳಗಿನವರ ನಷ್ಟದಿಂದಲೇ ಹುಟ್ಟುತ್ತದೆ.

"ಅವಳು ಒಪ್ಪಿಯೇ ಸೇರಿದ್ದಾಳೆ, ನಾನೇನು ಬಲವಂತ ಮಾಡಿದೆನೇ?" ಎಂಬುದು ಎರಡನೆಯ ಆಕ್ಷೇಪ. ಪ್ರವಾದಿ(ಸ)ರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಜನರು ಕಾಣುವಂತೆ ಒದ್ದೆಯಾದುದನ್ನು ಮೇಲೆಯೇ ಇಡಬಾರದಿತ್ತೇ ಎಂದು ಪ್ರವಾದಿ(ಸ)ರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಆ ಪೇಟೆಯ ಗಿರಾಕಿಗಳೂ ಒಪ್ಪಿಯೇ ಕೊಳ್ಳುತ್ತಿದ್ದರು. ಆದರೆ ಮುಚ್ಚಿಟ್ಟದ್ದರ ಮೇಲೆ ನಿಂತ ಒಪ್ಪಿಗೆ ಒಪ್ಪಿಗೆಯಲ್ಲ. ಆರರಲ್ಲಿ ಐವರು ಕೆಳಗೇ ಉಳಿಯುತ್ತಾರೆಂಬ ಲೆಕ್ಕವೇ ಈ ವ್ಯಾಪಾರದ ಒದ್ದೆ ಧಾನ್ಯ. ಅದನ್ನು ರಾಶಿಯ ಮೇಲಿಟ್ಟರೆ ಯಾವ ತಾಯಿ ಸೇರಿಯಾಳು?

ಈ ವಿಷಯದಲ್ಲಿ ವಿದ್ವಾಂಸರು ಮೌನವಾಗಿಲ್ಲ. ಸೌದಿ ಅರೇಬಿಯದ ಫತ್ವಾ ಸ್ಥಾಯೀ ಸಮಿತಿಯು ಇಂತಹ ಜಾಲಗಳನ್ನು ಹರಾಮ್ ಎಂದು ಸಾರಿದೆ. ಇಂಡೋನೇಷ್ಯಾದ ಉಲಮಾ ಮಂಡಳಿಯ ಶರೀಅತ್ ವಿಭಾಗವು 2009ರಲ್ಲಿ ಹನ್ನೆರಡು ಷರತ್ತುಗಳ ಮೇಲೆ ನೇರ ಮಾರಾಟಕ್ಕೆ ಅನುಮತಿಯಿತ್ತಿತು. ಸರಕು ನಿಜವಾಗಿ ಇರಬೇಕು, ಬೆಲೆ ವಿಪರೀತ ಏರಿಸಿರಬಾರದು, ಕಮಿಷನ್ ನಿಜವಾದ ದುಡಿಮೆಗೆ ಸಲ್ಲಬೇಕು. ಏನನ್ನೂ ಮಾಡದೆ ಕುಳಿತವರಿಗೆ ಕ್ರಮವಾಗಿ ಹಣ ಬರುತ್ತಿರಬಾರದು ಎಂಬುವು ಆ ಷರತ್ತುಗಳಲ್ಲಿ ಕೆಲವು. ತೀರ್ಪುಗಳು ಬೇರೆಯಾದರೂ ಇಬ್ಬರ ಕಳವಳವೂ ಒಂದೇ ಕಡೆಗಿದೆ.

ದೇಶದ ಕಾನೂನು ಕೂಡಾ ಸ್ಪಷ್ಟವಾಗಿದೆ. ಹಣ ಚಲಾವಣೆಯ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. 2021ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ನೇರ ಮಾರಾಟ ನಿಯಮಗಳ ಪ್ರಕಾರ ಸೇರ್ಪಡೆ ಶುಲ್ಕ ಕೇಳುವಂತಿಲ್ಲ, ಲಿಖಿತ ಒಪ್ಪಂದವಿರಬೇಕು, ಮಾರುವವರ ಬಳಿ ಗುರುತಿನ ಚೀಟಿ ಇರಬೇಕು, ಮುಂಚಿತವಾಗಿ ತಿಳಿಸದೆ ಯಾರ ಮನೆಗೂ ಹೋಗುವಂತಿಲ್ಲ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. "ಮೊದಲು ಐದು ಸಾವಿರ ಕಟ್ಟಿ, ಆಮೇಲೆ ಮಾತಾಡೋಣ" ಎಂದವರಿಗೆ ಸಲಾಮ್ ಹೇಳಿ ಬಾಗಿಲು ಹಾಕಿಕೊಳ್ಳಿರಿ.

ಹಲಾಲ್ ಎಂಬ ಹಣೆಪಟ್ಟಿಯೂ ಜಾಮೀನಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಕುಸಿದಾಗ ಬೀದಿಗೆ ಬಂದವರು ಹಲಾಲ್ ಹೂಡಿಕೆ ಎಂಬ ಮಾತನ್ನು ನಂಬಿದವರು. ಅದು ನೇರ ಮಾರಾಟವಾಗಿರಲಿಲ್ಲ. ಆದರೆ ಲಾಭದ ಮೂಲವನ್ನು ಕೇಳದೆ, ಹೇಳುವವರ ಮುಖ ನೋಡಿ ನಂಬಿದರೆ ಏನಾಗುತ್ತದೆಂಬ ಪಾಠ ಅಲ್ಲಿಯೂ ಇದೆ.

ಏಣಿಯ ಮಾತು ಬಿಟ್ಟು ಬರೇ ಸರಕನ್ನೇ ಮಾರುವೆನೆಂಬ ಸಹೋದರಿಯೂ ಒಂದು ಪುಸ್ತಕದಲ್ಲಿ ಲೆಕ್ಕ ಬರೆಯಲಿ. ಉದಾಹರಣೆಗೆ, 5,000 ರೂ. ಮುಖಬೆಲೆಯ ಸರಕನ್ನು 4,000 ರೂ.ಗೆ ಕೊಂಡಳೆನ್ನೋಣ. ನಗದಾಗಿ ಮಾರಿದ್ದು 2,500 ರೂ.ಯದ್ದು. ಸಾಲವಾಗಿ ಕೊಟ್ಟದ್ದು 1,000 ರೂ.ಯದ್ದು. ಉಳಿದ 1,500 ರೂ.ಯ ಸರಕು ಮನೆಯಲ್ಲೇ ಖರ್ಚಾಯಿತು. ಬಸ್ಸು, ಫೋನು 300 ರೂ. ಸಾಲವೆಲ್ಲ ವಸೂಲಾದರೂ ಕೈಗೆ ಬಂದದ್ದು 3,500 ರೂ., ಹೋದದ್ದು 4,300 ರೂ. ಮನೆಯಲ್ಲಿ ಬಳಸಿದ್ದು ಅಂಗಡಿಯಲ್ಲಾದರೆ 600 ರೂ.ಗೆ ಸಿಗುತ್ತಿತ್ತೆಂದು ಹಿಡಿದರೂ 200 ರೂ. ನಷ್ಟ. ಒಂದು ತಿಂಗಳು ಅಲೆದ ದಣಿವು, ಮಕ್ಕಳಿಂದ ಕಸಿದ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲ. ಬೀಡಿಯ ಕೆಲಸ ಎದೆಗೆ ಕೆಡುಕು ತರುವಂತಹುದು, ಮಜೂರಿಯೂ ಕಡಿಮೆ. ಆದರೂ ಅಲ್ಲಿ ಎಲೆ, ಹೊಗೆಸೊಪ್ಪು ಗುತ್ತಿಗೆದಾರನಿಂದ ಬರುತ್ತಿತ್ತು. ಸುತ್ತಿದ ಸಾವಿರಕ್ಕೆ ಇಷ್ಟೆಂದು ಹಣ ಸಿಗುತ್ತಿತ್ತು. ದುಡಿಯುವುದಕ್ಕಾಗಿ ತಾನೇ ಹಣ ಕಟ್ಟಬೇಕಾದ ಸ್ಥಿತಿ ಆ ತಾಯಿಗಿರಲಿಲ್ಲ.

ಹಣಕ್ಕಿಂತ ದೊಡ್ಡ ನಷ್ಟವೂ ಒಂದಿದೆ. ಬಂಧುತ್ವವನ್ನು ಜೋಡಿಸುವುದು ನಮ್ಮ ಮೇಲಿರುವ ಕಡ್ಡಾಯ ಹೊಣೆ. ಖಾಲಾ ಮನೆಗೆ ಹೋದಾಗ ಅವರ ಮಂಡಿನೋವನ್ನು ವಿಚಾರಿಸುವ ಬದಲು ಆ ನೋವಿಗೆ ನನ್ನ ಪುಡಿಯನ್ನು ಹೇಗೆ ಮಾರಲಿ ಎಂದು ಮನಸ್ಸು ಲೆಕ್ಕ ಹಾಕತೊಡಗಿದರೆ ಆ ಭೇಟಿಯಲ್ಲಿ ಉಳಿಯುವುದೇನು? ಸಂಕೋಚಕ್ಕೆ ಕಟ್ಟುಬಿದ್ದು ಅವರು ಕೊಂಡ ಡಬ್ಬಿ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಮುಂದಿನ ಸಲ ನಾವು ಬರುತ್ತೇವೆಂದರೆ ಅವರಿಗೆ ಸಂತೋಷವಾಗುವ ಬದಲು ಅಳುಕಾಗುತ್ತದೆ.

ಈಗಾಗಲೇ ಸೇರಿರುವ ಸಹೋದರಿಯರನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ಹೆಚ್ಚಿನವರು ಸೇರಿದ್ದು ಮಕ್ಕಳ ಫೀಸಿಗಾಗಿ, ಗಂಡನ ಔಷಧಿಗಾಗಿ, ಕೊಲ್ಲಿಯಿಂದ ಬಾರದ ಸಂಬಳದ ಜಾಗ ತುಂಬುವುದಕ್ಕಾಗಿ. ಅಂತಹವರು ಒಪ್ಪಂದವನ್ನು ಓದಿಸಿ, ಹಿಂದಿರುಗಿಸಬಹುದಾದ ಸರಕನ್ನು ಹಿಂದಿರುಗಿಸಲಿ. ತಾವು ಸೇರಿಸಿದವರಿಗೆ ನಿಜವಾದ ಲೆಕ್ಕವನ್ನು ತಿಳಿಸಲಿ. ಹೀಗೆ ತಿಳಿಸುವುದು ಕಷ್ಟ. ಆದರೆ ಒದ್ದೆ ಧಾನ್ಯವನ್ನು ಮೇಲಿಡುವುದೆಂದರೆ ಇದೇ.

ನಮ್ಮ ಹೊಣೆಯೂ ಇಲ್ಲಿಗೆ ಮುಗಿಯುವುದಿಲ್ಲ. ಬೇಡವೆಂದು ಹೇಳುವುದು ಸುಲಭ. ಬೇಡವೆಂದ ಮೇಲೆ ಆ ತಾಯಿಯ ಒಲೆ ಹೇಗೆ ಉರಿಯಬೇಕು? ಮದುವೆಗೆ ಬೇಕಾದ ರೊಟ್ಟಿಯನ್ನು ಮೊಹಲ್ಲಾದ ಆಪಾರಿಂದಲೇ ತರಿಸೋಣ. ಹೊಲಿಗೆಯ ಮಜೂರಿಯಲ್ಲಿ ಚೌಕಾಶಿ ಮಾಡದೆ, ಅಂದೇ ಕೈಗೆ ಕೊಡೋಣ. ಜಮಾಅತ್ ಸಮಿತಿಗಳು ಝಕಾತ್‌ನಿಂದ ಅರ್ಹ ತಾಯಿಗೊಂದು ಹೊಲಿಗೆ ಯಂತ್ರ ಒದಗಿಸಲಿ. ಯಾರದೋ ನಷ್ಟದ ಮೇಲೆ ನಿಲ್ಲದ ದುಡಿಮೆಯನ್ನು ಅಲ್ಲಾಹನು ನಮ್ಮ ಸಹೋದರಿಯರಿಗೆ ಒದಗಿಸಲಿ, ಅದರಲ್ಲಿ ಬರಕತ್ ನೀಡಲಿ. ಆಮೀನ್.