ಇಂದಿನ ಧಮ್ಮ ಚಿಂತನೆ: ಹೆಸರು ಬದಲಿಸಿಕೊಳ್ಳಬೇಕೇ?




ಜಾತಕ ಕಥೆಗಳಲ್ಲಿ 97ನೆಯದು ನಾಮಸಿದ್ಧಿ ಜಾತಕ. ತಕ್ಷಶಿಲೆಯ ಆಚಾರ್ಯರೊಬ್ಬರ ಬಳಿ ಪಾಪಕ ಎಂಬ ಶಿಷ್ಯನಿದ್ದ. ಪಾಪಕ ಬಾ, ಪಾಪಕ ಹೋಗು ಎಂದು ಎಲ್ಲರೂ ಕರೆದು ಕರೆದು ಅವನಿಗೆ ತನ್ನ ಹೆಸರೇ ಬೇಸರವಾಯಿತು. ಬೇರೆ ಹೆಸರಿಡಿ ಎಂದು ಆಚಾರ್ಯರನ್ನು ಕೇಳಿದ. ಊರೂರು ತಿರುಗಿ ಒಳ್ಳೆಯ ಹೆಸರೊಂದನ್ನು ಹುಡುಕಿಕೊಂಡು ಬಾ, ಅದನ್ನೇ ಇಡೋಣ ಎಂದರು ಅವರು.

ಪಾಪಕ ಹೊರಟ. ಒಂದು ಊರಲ್ಲಿ ಹೆಣ ಹೊತ್ತು ಸಾಗಿಸುತ್ತಿದ್ದರು. ಸತ್ತವನ ಹೆಸರು ಜೀವಕ! ಇನ್ನೊಂದು ಕಡೆ ದಾಸಿಯೊಬ್ಬಳನ್ನು ಬಾಗಿಲಲ್ಲಿ ಕೆಡವಿ ಹೊಡೆಯುತ್ತಿದ್ದರು, ದುಡಿದ ಕೂಲಿ ತಂದುಕೊಡಲಿಲ್ಲವೆಂದು. ಅವಳ ಹೆಸರು ಧನಪಾಲಿ! ಮುಂದೆ ದಾರಿ ತಪ್ಪಿ ಅಲೆಯುತ್ತಿದ್ದವನೊಬ್ಬ ಸಿಕ್ಕ. ಅವನ ಹೆಸರು ಪಂಥಕ, ಅಂದರೆ ದಾರಿಗ! ಹೆಸರು ಗುರುತಿಗಷ್ಟೇ ಎಂದು ತಿಳಿದುಕೊಂಡ ಪಾಪಕ ಹಿಂದಿರುಗಿ, ನನಗಿದ್ದ ಹೆಸರೇ ಸಾಕು ಎಂದ.

ಈ ಕಥೆ ನನಗೆ ನೆನಪಾದದ್ದು ನಮ್ಮ ಬಳಗದ ಸೋದರಿಯೊಬ್ಬರ ಪ್ರಶ್ನೆಯಿಂದ. ಅವರಿಗೆ 40 ದಾಟಿದೆ. ದಾಖಲೆಗಳಲ್ಲಿ ಅವರ ಹೆಸರು 'ತಿಪ್ಪಿ'. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಈ ಮಗುವಾದರೂ ಬದುಕಲಿ ಎಂದು ತಾಯಿ ಇಟ್ಟ ಹೆಸರು. ಬ್ಯಾಂಕಿನ ಕೌಂಟರಿನಲ್ಲಿ ಈ ಹೆಸರು ಕೂಗಿದಾಗ ಸಾಲಿನಲ್ಲಿ ನಿಂತವರು ಮುಸಿಮುಸಿ ನಗುತ್ತಾರಂತೆ. ಮೊನ್ನೆ ಮಗ ಕಾಲೇಜಿನ ಅರ್ಜಿ ತುಂಬುವಾಗ ತಾಯಿಯ ಹೆಸರಿನ ಜಾಗಕ್ಕೆ ಕೈ ಅಡ್ಡ ಇಟ್ಟುಕೊಂಡು ಬರೆದನಂತೆ. "ಸರ್, ಅವನನ್ನು ಬೈಯೋಕೂ ಆಗಲಿಲ್ಲ. ಸುಜಾತ ಅಂತ ಬದಲಾಯಿಸಿಕೊಳ್ಳೋಣ ಅಂದ್ರೆ ಅವ್ವ ಅಳ್ತಾಳೆ. ಹೆಸರಿಗೆ ಅಂಟಿಕೊಳ್ಳಬೇಡಿ ಅಂತ ಧಮ್ಮವೂ ಹೇಳುತ್ತೆ. ನಾನೇನು ಮಾಡಲಿ?" ಎಂದು ಕೇಳಿದರು.

ಜಾತಕದ ಪ್ರಕಾರ ಉತ್ತರ 'ಬೇಡ' ಎಂದೇ ತೋರುತ್ತದೆ. ಆದರೆ ನಿಧಾನವಾಗಿ ನೋಡೋಣ. ಹೆಸರು ಬದಲಿಸಿದರೆ ಭಾಗ್ಯ ಬದಲಾದೀತು ಎಂದು ಪಾಪಕ ನಂಬಿದ್ದ. ಇಂದಿಗೂ ಸಂಖ್ಯಾಶಾಸ್ತ್ರದವರು ಹೆಸರಿಗೆ ಒಂದಕ್ಷರ ಸೇರಿಸಿ ದುಡ್ಡು ಕೀಳುವುದು ಈ ನಂಬಿಕೆಯಿಂದಲೇ. ಅದು ಮೌಢ್ಯ ಎಂಬುದೇ ಜಾತಕದ ಪಾಠ. ನಮ್ಮ ಸೋದರಿ ಕೇಳುತ್ತಿರುವುದು ಭಾಗ್ಯವನ್ನಲ್ಲ, ಘನತೆಯನ್ನು.

ಮನುಸ್ಮೃತಿಯ ಎರಡನೆಯ ಅಧ್ಯಾಯದ 31ನೆಯ ಶ್ಲೋಕ ಯಾರಿಗೆ ಎಂಥ ಹೆಸರಿಡಬೇಕೆಂದು ಹೇಳುತ್ತದೆ. ಬ್ರಾಹ್ಮಣನಿಗೆ ಮಂಗಳ, ಕ್ಷತ್ರಿಯನಿಗೆ ಬಲ, ವೈಶ್ಯನಿಗೆ ಧನ. ಶೂದ್ರನ ಹೆಸರು ಮಾತ್ರ ಜುಗುಪ್ಸೆ ಹುಟ್ಟಿಸುವಂತಿರಬೇಕು! ವರ್ಣದ ಹೊರಗೇ ನಿಲ್ಲಿಸಿದ ನಮ್ಮ ಪಾಡು ಕೇಳಬೇಕೇ? ಮೇಷ್ಟರಾಗಿ ಹಳೆಯ ದಾಖಲಾತಿ ಪುಸ್ತಕಗಳನ್ನು ತಿರುವಿದಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ಊರಿನ ಕರಿಯಪ್ಪ ನಮ್ಮ ಕೇರಿಗೆ ಬಂದರೆ 'ಕರಿಯ ಬಿನ್ ಮಾರ'. ಇಟ್ಟ ಹೆಸರು ಒಂದೇ, ಹಿಂದಿನ 'ಅಪ್ಪ', 'ಅಮ್ಮ' ಮಾತ್ರ ಮಾಯ! ಅವಮಾನ ಇದ್ದದ್ದು ಅವ್ವ ಇಟ್ಟ ಹೆಸರಿನಲ್ಲಲ್ಲ, ಅದನ್ನು ಕತ್ತರಿಸಿದ ಕೈಯಲ್ಲಿ.

ಇನ್ನೊಂದು ಮಾತು. ಹೆಸರೆಂಬುದು ಜನ ಮಾಡಿಕೊಂಡ ಸಂಕೇತ ಎಂದು ಬುದ್ಧಗುರು ವಾಸೆಟ್ಠ ಸುತ್ತದಲ್ಲಿ ಹೇಳುತ್ತಾರೆ. ಜನ ಮಾಡಿದ್ದನ್ನು ಜನ ಬದಲಿಸಬಹುದಲ್ಲವೇ? ಅಂಟಿಕೊಳ್ಳಬೇಡ ಎಂಬ ಮಾತು ಹೊಸ ಹೆಸರಿಗೆ ಮಾತ್ರವಲ್ಲ, ಹಳೆಯದಕ್ಕೂ ಸಲ್ಲುತ್ತದೆ. ಗಂಗಾ, ಯಮುನಾ, ಅಚಿರವತಿ, ಸರಭೂ, ಮಹೀ ನದಿಗಳು ಸಮುದ್ರ ಸೇರಿದಾಗ ಹಳೆಯ ಹೆಸರು ಕಳೆದುಕೊಂಡು ಸಮುದ್ರವೇ ಆಗುತ್ತವೆ. ಹಾಗೆಯೇ ನಾಲ್ಕು ವರ್ಣದವರೂ ಸಂಘ ಸೇರಿದಾಗ ಹಳೆಯ ಹೆಸರು, ಗೋತ್ರ ಬಿಟ್ಟು ಶಾಕ್ಯಪುತ್ರರಾಗುತ್ತಾರೆ. ಇದು ಭಗವಾನರೇ ಕೊಟ್ಟ ಹೋಲಿಕೆ.

ಬಾಬಾಸಾಹೇಬರು 1936ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಮತಾಂತರದ ಬಗ್ಗೆ ಮಾಡಿದ ಭಾಷಣದಲ್ಲಿ ಇದನ್ನೇ ಎತ್ತಿಕೊಂಡರು. ಇದ್ದಲ್ಲೇ ಇದ್ದು ಬರೀ ಹೆಸರು ಬದಲಿಸಿದರೆ ಕಳಂಕ ಹೋಗದು, ಧರ್ಮ ಬದಲಿಸುವುದೇ ನಿಜವಾದ ಹೆಸರು ಬದಲಾವಣೆ ಎಂಬುದು ಅವರ ವಾದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಸಿಕ್ಕಿದ್ದು ಅಂಥ ಹೆಸರು: ಬೌದ್ಧ. ಆ ದೊಡ್ಡ ಹೆಸರು ಈ ಸೋದರಿಗೆ ಆಗಲೇ ಸಿಕ್ಕಿದೆ. ಆಧಾರ್ ಕಾರ್ಡಿನಲ್ಲಿರುವ ಸಣ್ಣ ಹೆಸರನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಅವರ ಇಷ್ಟ.

ಕಾನೂನು ಅಡ್ಡ ಬರುವುದಿಲ್ಲ. ಹೆಸರು ವ್ಯಕ್ತಿಯ ಅಸ್ಮಿತೆಯ ಭಾಗ, ಅದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು ಸುಪ್ರೀಂ ಕೋರ್ಟ್ 2021ರ ಜಿಗ್ಯಾ ಯಾದವ್ ಪ್ರಕರಣದಲ್ಲಿ ಹೇಳಿದೆ. ಛಾಪಾ ಕಾಗದದ ಮೇಲೆ ಅಫಿಡವಿಟ್, ನೋಟರಿ ಸಹಿ, ಪತ್ರಿಕೆಗಳಲ್ಲಿ ಪ್ರಕಟಣೆ, ಆಮೇಲೆ ಗೆಜೆಟ್. ಸಾಮಾನ್ಯವಾಗಿ ಇದು ದಾರಿ. ಶಾಲಾ ದಾಖಲೆ, ಅಂಕಪಟ್ಟಿ ತಿದ್ದಲು ನ್ಯಾಯಾಲಯದ ಆದೇಶ ಕೇಳುವುದುಂಟು, ಮೊದಲೇ ವಕೀಲರನ್ನು ವಿಚಾರಿಸಿ. ಹಳೆಯ ಹೆಸರು, ಹೊಸ ಹೆಸರು ಎರಡೂ ಇರುವ ಕಾಗದವನ್ನು ಜೋಪಾನವಾಗಿಡಿ. ಜಾತಿ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪುಸ್ತಕ ಎಲ್ಲದಕ್ಕೂ ಅದೇ ಕೊಂಡಿ. ಮೀಸಲಾತಿ ಹೋದೀತೆಂಬ ಭಯ ಬೇಡ. ಪರಿಶಿಷ್ಟ ಜಾತಿಗಳ 1950ರ ಆದೇಶಕ್ಕೆ 1990ರಲ್ಲಿ ತಿದ್ದುಪಡಿಯಾಗಿ ಬೌದ್ಧರೂ ಅದರಲ್ಲಿ ಸೇರಿದ್ದಾರೆ.

ಇನ್ನು ಅವ್ವನ ಕಣ್ಣೀರು. ಅದನ್ನು ವಾದದಿಂದ ಒರೆಸಲಾಗದು, ಕರುಣೆಯಿಂದ ಒರೆಸಬೇಕು. ಅವ್ವ, ನೀನು ಇಟ್ಟ ಹೆಸರು ನನ್ನನ್ನು ಬದುಕಿಸಿತು, ಅದರ ಕೆಲಸ ಮುಗಿಯಿತು ಎಂದು ಪಕ್ಕದಲ್ಲಿ ಕೂತು ಹೇಳಬೇಕು. ಮನೆಯಲ್ಲಿ ಅವಳು ಹಳೆಯ ಹೆಸರಿನಿಂದಲೇ ಕೂಗಲಿ, ಓಗೊಡಿ. ಅವಳ ಬಾಯಲ್ಲಿ ಅದು ಮುದ್ದು. ಬದಲಿಸಿಕೊಳ್ಳದೆ ಹಳೆಯ ಹೆಸರಲ್ಲೇ ತಲೆ ಎತ್ತಿ ನಡೆಯುವವರನ್ನೂ ಹೀಗಳೆಯಬಾರದು. ಅವರೂ ಬೌದ್ಧರೇ.

ಹೊಸ ಹೆಸರು ಬಂದ ಮೇಲೂ ಕೆಲಸ ಉಳಿದಿರುತ್ತದೆ. ಅಂಗುಲಿಮಾಲನ ಮೊದಲ ಹೆಸರು ಅಹಿಂಸಕ. ಆ ಹೆಸರು ಹೊತ್ತೇ ಕೊಲೆ ಮಾಡಿದ. ಧಮ್ಮದಲ್ಲಿ ನಡೆದ ಮೇಲೆ, ಈಗ ನನ್ನ ಹೆಸರು ನಿಜವಾಯಿತು ಎಂದುಕೊಂಡ. ಸುಜಾತ ಎಂದು ಗೆಜೆಟ್ ಬರೆಯಬಹುದು. ಹಸಿದವರಿಗೆ ಪಾಯಸ ಬಡಿಸುವ ಕೈಯನ್ನು ನಾವೇ ಬೆಳೆಸಿಕೊಳ್ಳಬೇಕು.

ಇಂದಿನ ಅಭ್ಯಾಸ: ಇದಕ್ಕೆ ಅಫಿಡವಿಟ್ ಬೇಡ. ನಮ್ಮ ಬೀದಿಯಲ್ಲಿ ಮೊಟಕು ಹೆಸರಿನಿಂದ ಕೂಗಿಸಿಕೊಳ್ಳುವ ಹಿರಿಯರು, ಕಸ ಒಯ್ಯಲು ಬರುವ ಪೌರಕಾರ್ಮಿಕರು ಯಾರೇ ಇರಲಿ, ಒಬ್ಬರ ಪೂರ್ತಿ ಹೆಸರು ಕೇಳಿ ತಿಳಿದುಕೊಳ್ಳೋಣ. ಅಣ್ಣ, ಅಕ್ಕ, ಅಪ್ಪ, ಅಮ್ಮ ಸೇರಿಸಿ 'ಬನ್ನಿ, ಕೂತ್ಕೊಳ್ಳಿ' ಎಂದು ಕರೆಯೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್.