ರಾಜಿ ಯಾವಾಗ ಧರ್ಮ?

ಕೃಷ್ಣ ಸಂಧಾನಕ್ಕೆಂದು ಹಸ್ತಿನಾಪುರಕ್ಕೆ ಹೊರಟು ನಿಂತ ಹೊತ್ತಿನಲ್ಲಿ ಪಾಂಡವರ ಬೀಡಿನಲ್ಲಿ ಒಮ್ಮತವಿರಲಿಲ್ಲ. ಅರ್ಧ ರಾಜ್ಯ ಕೊಡದಿದ್ದರೆ ಹೋಗಲಿ, ಐದು ಊರು ಕೊಟ್ಟರೂ ಸಾಕೆಂದು ಧರ್ಮರಾಯ ಅದಾಗಲೇ ಸಂಜಯನ ಕೈಯಲ್ಲಿ ಹೇಳಿ ಕಳಿಸಿದ್ದ. ಭೀಮನಂಥ ಭೀಮನೇ ಕುಲನಾಶ ಬೇಡವೆಂದು ಮೆತ್ತಗೆ ಮಾತಾಡಿದ್ದು ಕೃಷ್ಣನಿಗೂ ಅಚ್ಚರಿ ತಂದಿತು. ಯುದ್ಧವೇ ಆಗಲಿ ಎಂದವರು ಸಹದೇವ ಮತ್ತು ಸಾತ್ಯಕಿ. ಆಮೇಲೆ ಮುಂದೆ ಬಂದವಳು ದ್ರೌಪದಿ. ದುಶ್ಶಾಸನ ಹಿಡಿದೆಳೆದ ಮುಡಿಯನ್ನು ಕೈಯಲ್ಲಿ ಹಿಡಿದು ತೋರಿಸಿ, ಸಂಧಿಯ ಮಾತು ಬಂದಾಗಲೆಲ್ಲ ಇದು ನೆನಪಿರಲಿ ಎಂದಳು. ಗಂಡಂದಿರು ಐದು ಊರಿಗೆ ಇಳಿಸಿದ್ದ ಲೆಕ್ಕದಲ್ಲಿ ಅವಳಿಗಾದ ಅವಮಾನದ ಬಾಬ್ತು ಇರಲೇ ಇಲ್ಲ.

ಉದ್ಯೋಗಪರ್ವದ ಈ ಪ್ರಸಂಗ ಎತ್ತುವ ಪ್ರಶ್ನೆ ಇಂದಿನ ಕೋರ್ಟುಗಳನ್ನೂ ಬಿಟ್ಟಿಲ್ಲ. ಜಗಳ ನಿಲ್ಲುವುದೂ ನ್ಯಾಯ ಸಿಗುವುದೂ ಒಂದೇ ಏನು? ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಕೋರ್ಟಿನ ಮೆಟ್ಟಿಲು ಹತ್ತಿದ ಯಾವ ಮನೆಯೂ ಅಲ್ಲಗಳೆಯುವುದಿಲ್ಲ. ದೇಶದ ನ್ಯಾಯಾಲಯಗಳಲ್ಲಿ ಸುಮಾರು 5 ಕೋಟಿ ಪ್ರಕರಣಗಳು ಬಾಕಿ ಇರುವಾಗ ಲೋಕ ಅದಾಲತ್, ಮಧ್ಯಸ್ಥಿಕೆ, ಆರ್ಬಿಟ್ರೇಷನ್ ಎಲ್ಲವೂ ಹೊರೆ ಇಳಿಸುವ ದಾರಿಗಳಾಗಿ ಕಾಣುತ್ತವೆ. ಅದು ಆಡಳಿತ ಕೊಡುವ ಉತ್ತರ. ಧರ್ಮದ ಪ್ರಶ್ನೆಯೇ ಬೇರೆ. ನಿನಗೆ ನ್ಯಾಯವಾಗಿ ಬರಬೇಕಾದದ್ದರಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಸುಮ್ಮನಾಗು ಎಂದು ಒಬ್ಬ ಮನುಷ್ಯನಿಗೆ ಹೇಳುವುದು ಯಾವಾಗ ಸರಿ?

ಈ ಪ್ರಶ್ನೆಯನ್ನು ಯಹೂದಿ ಗುರುಗಳು ಇಟ್ಟುಕೊಂಡಷ್ಟು ನೇರವಾಗಿ ಎದುರಿಗೆ ಇಟ್ಟುಕೊಂಡವರು ಕಡಿಮೆ. ಅವರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್‌ನ ಸನ್ಹೆಡ್ರಿನ್ ಎಂಬ ಭಾಗದಲ್ಲಿ ಒಂದು ವಾದವಿದೆ. ಯೋಸೆಯ ಮಗ ರಬ್ಬಿ ಎಲಿಯೇಜರ್ ಪ್ರಕಾರ, ವ್ಯಾಜ್ಯ ಒಮ್ಮೆ ನ್ಯಾಯಪೀಠದ ಮುಂದೆ ಬಂದ ಮೇಲೆ ಅದನ್ನು ಅರ್ಧರ್ಧ ಹಂಚಿ ಕಳಿಸುವುದು ಪಾಪ. ಎದುರಿಗೆ ಬೆಟ್ಟ ಅಡ್ಡ ನಿಂತರೂ ಕಾನೂನು ಅದನ್ನು ಕೊರೆದುಕೊಂಡೇ ಹೋಗಬೇಕು. ಅದು ಮೋಶೆಯ ದಾರಿ. ಮೋಶೆಯ ಅಣ್ಣ ಆರೋನನದು ಇನ್ನೊಂದು ದಾರಿ: ಜಗಳವಾಡಿದವರ ನಡುವೆ ಓಡಾಡಿ ಸಮಾಧಾನ ತರುವುದು. ರಬ್ಬಿ ಯೆಹೋಶುವಾ ಬೆನ್ ಕೊರ್ಹಾ ಈ ಎರಡನೆಯ ದಾರಿಯ ಪರವಾಗಿ ನಿಂತರು. ಕಟ್ಟುನಿಟ್ಟಿನ ತೀರ್ಪು ಇದ್ದಲ್ಲಿ ಶಾಂತಿ ಉಳಿಯುವುದಿಲ್ಲ, ಶಾಂತಿ ಇದ್ದಲ್ಲಿ ಕಟ್ಟುನಿಟ್ಟಿನ ತೀರ್ಪು ಇರುವುದಿಲ್ಲ, ಎರಡೂ ಕೂಡಿ ಬಾಳುವುದು ರಾಜಿಯಲ್ಲೇ ಎಂಬುದು ಅವರ ತರ್ಕ.

ವಾದ ಅಲ್ಲಿಗೆ ಮುಗಿಯುವುದಿಲ್ಲ. ಶಿಮೋನ್ ಬೆನ್ ಮೆನಸ್ಯಾ ಎಂಬ ಮೂರನೆಯವರು ಅದಕ್ಕೆ ಸಮಯದ ಮಿತಿ ಹಾಕುತ್ತಾರೆ. ತೀರ್ಪು ಯಾವ ಕಡೆಗೆ ವಾಲುತ್ತದೆಂದು ನ್ಯಾಯಾಧೀಶನಿಗೆ ತಿಳಿಯುವ ಮುಂಚೆ ಅವನು ರಾಜಿ ಮಾಡಿಕೊಳ್ಳಿ ಎನ್ನಬಹುದು. ತಿಳಿದ ಮೇಲೆ ಹಾಗನ್ನುವಂತಿಲ್ಲ. ಯಾರು ಸರಿ ಎಂದು ಗೊತ್ತಿದ್ದೂ ಸರಿಯಿರುವವನನ್ನೇ ಬಗ್ಗಿಸಹೋದರೆ ಅದು ಶಾಂತಿಯ ಹೆಸರಿನಲ್ಲಿ ನಡೆದ ಅನ್ಯಾಯ. 16ನೇ ಶತಮಾನದಲ್ಲಿ ಯೋಸೆಫ್ ಕಾರೊ ರಚಿಸಿದ ಶುಲ್ಹಾನ್ ಆರೂಖ್ ಎಂಬ ನ್ಯಾಯಸಂಹಿತೆ ಈ ಚರ್ಚೆಯ ಸಾರವನ್ನು ಒಂದು ನಡಾವಳಿಯಾಗಿಸಿತು: ವಿಚಾರಣೆ ಶುರುವಾಗುವ ಮೊದಲೇ ನ್ಯಾಯಾಧೀಶ ಇಬ್ಬರನ್ನೂ ಕೇಳಬೇಕು, ನಿಮಗೆ ಕಾನೂನಿನ ತೀರ್ಪು ಬೇಕೋ, ರಾಜಿ ಬೇಕೋ ಎಂದು. ಆಯ್ಕೆ ಕಕ್ಷಿದಾರರದು.

ಇಸ್ಲಾಂ ಕೂಡ ಸುಲಹ್‌ಗೆ, ಅಂದರೆ ರಾಜಿಗೆ, ದೊಡ್ಡ ಬೆಲೆ ಕೊಟ್ಟಿದೆ. ಗಂಡ ಹೆಂಡತಿಯರ ನಡುವೆ ಬಿರುಕು ಬಂದರೆ ಇಬ್ಬರ ಮನೆತನದಿಂದಲೂ ಒಬ್ಬೊಬ್ಬ ಪಂಚರನ್ನು ಕರೆಸಬೇಕೆಂದು ಕುರ್‌ಆನ್ ಹೇಳುತ್ತದೆ. ಆದರೂ ಕ್ರಿ.ಶ. 657ರ ಸಿಫ್ಫೀನ್ ಯುದ್ಧದಲ್ಲಿ ಖಲೀಫ ಅಲಿ ಪಂಚಾಯ್ತಿಗೆ ಒಪ್ಪಿದಾಗ ಅವರ ಪಡೆಯ ಒಂದು ಗುಂಪು, ದೇವರು ತೀರ್ಮಾನಿಸಬೇಕಾದದ್ದನ್ನು ಮನುಷ್ಯರ ಕೈಗೆ ಕೊಟ್ಟಿರೆಂದು ಸಿಡಿದು ಹೊರಗೆ ಹೋಯಿತು. ಇತಿಹಾಸ ಅವರನ್ನು ಖಾರಿಜಿಗಳೆಂದು ಕರೆಯಿತು. ಅವರ ಹಟದಿಂದ ರಕ್ತಪಾತ ಬೆಳೆಯಿತು, ಅದು ನಿಜ. ಕೆಲವು ಸಂಗತಿಗಳು ಚೌಕಾಶಿಗೆ ಸಿಗಬಾರದು ಎಂಬ ಅವರ ಮೂಲ ಆತಂಕವನ್ನು ಮಾತ್ರ ತಳ್ಳಿಹಾಕಲಾಗದು. ಎರಡನೆಯ ಖಲೀಫ ಉಮರ್ ಬರೆದದ್ದೆಂದು ಪರಂಪರೆ ನಂಬುವ ಪತ್ರವೊಂದು ಇದಕ್ಕೆ ಹದವಾದ ಉತ್ತರ ಕೊಡುತ್ತದೆ: ರಾಜಿ ಸಲ್ಲುತ್ತದೆ, ಆದರೆ ನಿಷಿದ್ಧವನ್ನು ಸಮ್ಮತವಾಗಿಸುವ ರಾಜಿ ಸಲ್ಲದು.

ಕನ್ನಡನಾಡಿನ ಮಣ್ಣಿನಲ್ಲೇ ಈ ವಿಚಾರಕ್ಕೆ ಒಂದು ಗಟ್ಟಿ ಬೇರಿದೆ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ವ್ಯಾಜ್ಯ ತೀರಿಸುವ ಕಟ್ಟೆಗಳನ್ನು ಅದು ಮೆಟ್ಟಿಲುಗಳಾಗಿ ಜೋಡಿಸುತ್ತದೆ. ಬಂಧುಗಳ ಕೂಟ ಕುಲ. ಒಂದೇ ಕಸುಬಿನವರ ಸಂಘ ಶ್ರೇಣಿ. ಬೇರೆ ಬೇರೆ ಜಾತಿ, ಕಸುಬಿನ ಊರವರು ಸೇರಿದ ಸಭೆ ಪೂಗ. ಅದರ ಮೇಲೆ ರಾಜ ನೇಮಿಸಿದ ನ್ಯಾಯಾಧಿಕಾರಿಗಳು. ಕುಲದ ತೀರ್ಮಾನ ಹಿಡಿಸದವನು ಶ್ರೇಣಿಗೆ ಹೋಗಬಹುದು, ಅಲ್ಲಿಂದ ಪೂಗಕ್ಕೆ, ಅಲ್ಲಿಂದ ರಾಜನ ಸಭೆಗೆ. ಹತ್ತಿರದವರ ಕಟ್ಟೆ ಮೊದಲ ಮೆಟ್ಟಿಲು, ಕೊನೆಯದಲ್ಲ. ತನ್ನ ಬಂಧುಗಳೇ ತನ್ನನ್ನು ತುಳಿದರೆ ಹೊರಗೆ ಬರಲು ಒಂದು ಬಾಗಿಲು ಇತ್ತು. ಸ್ಮೃತಿಯ ಮುಂದಿನ ಶ್ಲೋಕವೇ, ಬಲವಂತದಿಂದಲೋ ಮೋಸದಿಂದಲೋ ಆದ ವ್ಯವಹಾರವನ್ನು ರದ್ದು ಮಾಡಬೇಕೆನ್ನುತ್ತದೆ. ಹೆಂಗಸರು ಮಾಡಿದ ವ್ಯವಹಾರವನ್ನೂ ಅದೇ ಪಟ್ಟಿಗೆ ಸೇರಿಸುವುದು ಆ ಕಾಲದ ಕುರುಡು. ಉಳಿದ ತತ್ವ ಇಂದಿಗೂ ಖರೆ: ಒಪ್ಪಿಗೆಯ ಹಿಂದೆ ಬಲವಂತವಿದ್ದರೆ ಅದು ಒಪ್ಪಿಗೆಯಲ್ಲ.

ಯೆರೂಸಲೇಮಿನಿಂದ ಕಲ್ಯಾಣದವರೆಗಿನ ಈ ಪರಂಪರೆಗಳು ಬೇರೆ ಬೇರೆ ದೇವರನ್ನು ನೆನೆದರೂ ಒಂದು ಜಾಗದಲ್ಲಿ ಕೂಡುತ್ತವೆ. ಒಲ್ಲೆ ಎನ್ನಲು ಶಕ್ತಿಯಿದ್ದವನು, ಒಲ್ಲೆ ಎಂದರೂ ದಾರಿಯಿದ್ದವನು ಬಿಟ್ಟುಕೊಟ್ಟರೆ ಅದು ಔದಾರ್ಯ. ಬೇರೆ ದಾರಿಯೇ ಇಲ್ಲದವನ ಕೈಯಿಂದ ಬಿಡಿಸಿಕೊಂಡರೆ ಅದು ಸೋಲಿಗೆ ಹಾಕಿಸಿಕೊಂಡ ಸಹಿ.

ಔದಾರ್ಯದ ರಾಜಿಗೆ ಗಾಂಧೀಜಿಯ ಮೊದಲ ದೊಡ್ಡ ಮೊಕದ್ದಮೆಗಿಂತ ಒಳ್ಳೆಯ ಉದಾಹರಣೆ ಸಿಗದು. 1893ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೋದದ್ದೇ ವ್ಯಾಪಾರಿ ದಾದಾ ಅಬ್ದುಲ್ಲಾ ಅವರ ದಾವೆಗಾಗಿ. ಪ್ರತಿವಾದಿ ತಯ್ಯಬ್ ಶೇಠ್ ದಾದಾ ಅಬ್ದುಲ್ಲಾ ಅವರ ನಂಟ. ದಾವೆ ಬೆಳೆದಷ್ಟೂ ವಕೀಲರ ಖರ್ಚು ಇಬ್ಬರನ್ನೂ ಮುಳುಗಿಸುವುದು ಕಂಡಾಗ ಗಾಂಧಿ ಇಬ್ಬರನ್ನೂ ಪಂಚಾಯ್ತಿಗೆ ಒಪ್ಪಿಸಿದರು. ಪಂಚರ ತೀರ್ಪು ದಾದಾ ಅಬ್ದುಲ್ಲಾ ಪರವಾಯಿತು. ತಯ್ಯಬ್ ಶೇಠ್ 37,000 ಪೌಂಡ್ ಮತ್ತು ಖರ್ಚು ಕೊಡಬೇಕಾಯಿತು. ಒಮ್ಮೆಲೇ ಕೊಟ್ಟರೆ ಅವರು ದಿವಾಳಿ. ದೀರ್ಘ ಕಂತುಗಳಲ್ಲಿ ಪಡೆಯಲು ದಾದಾ ಅಬ್ದುಲ್ಲಾರನ್ನು ಒಪ್ಪಿಸುವುದು ಪಂಚಾಯ್ತಿಗೆ ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತೆಂದು ಗಾಂಧಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ಕ್ರಮವನ್ನು ಗಮನಿಸಬೇಕು. ಮೊದಲು ಯಾರದು ಸರಿ ಎಂಬುದು ತೀರ್ಮಾನವಾಯಿತು, ಆಮೇಲೆ ಗೆದ್ದವನು ಬಾಗಿದ. ಇಬ್ಬರೂ ಸರಿಸಮಾನ ವ್ಯಾಪಾರಿಗಳು, ಇಬ್ಬರ ಬೆನ್ನಿಗೂ ವಕೀಲರಿದ್ದರು. ಯಾರೂ ಯಾರ ಕಾಲ ಕೆಳಗೂ ಇರಲಿಲ್ಲ.

ಭೋಪಾಲದಲ್ಲಿ ಆದದ್ದು ಇದರ ತದ್ವಿರುದ್ಧ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. 1985ರ ಕಾಯ್ದೆಯೊಂದು ಸಂತ್ರಸ್ತರೆಲ್ಲರ ಪರವಾಗಿ ವಾದಿಸುವ ಹಕ್ಕನ್ನು ಕೇಂದ್ರ ಸರ್ಕಾರದ ಕೈಗೇ ಕೊಟ್ಟಿತು. ಸರ್ಕಾರ ಕೇಳಿದ್ದು 330 ಕೋಟಿ ಡಾಲರ್. 1989ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟಿನಲ್ಲಿ ರಾಜಿಯಾದದ್ದು 47 ಕೋಟಿ ಡಾಲರ್‌ಗೆ. ಕ್ರಿಮಿನಲ್ ಮೊಕದ್ದಮೆಗಳನ್ನು ಕೈಬಿಡುವುದೂ ಅದರಲ್ಲಿ ಸೇರಿತ್ತು. ಸತ್ತವರು ಸುಮಾರು 3,000 ಎಂಬ ಅಂದಾಜಿನ ಮೇಲೆ ಆ ಮೊತ್ತ ನಿಂತಿತ್ತು. ಆಮೇಲೆ ಸರ್ಕಾರವೇ ಒಪ್ಪಿದ ಸಾವಿನ ಲೆಕ್ಕ 5,295. ಯಾರ ಎದೆಗೂಡು ಸುಟ್ಟಿತೋ ಅವರನ್ನು ಸಹಿಗೆ ಮುಂಚೆ ಯಾರೂ ಕೇಳಲಿಲ್ಲ. ಅವರ ಮಾತು ಕೇಳಬೇಕಿತ್ತೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು, ಆದರೆ ಮರುಪರಿಶೀಲನೆಯ ವಿಚಾರಣೆಯಲ್ಲಿ ಆ ಕೊರತೆ ತುಂಬಬಹುದೆಂದಿತು. 1991ರಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಗೆ ಮರುಜೀವ ಬಂತು, ಮೊತ್ತ ಹಾಗೇ ಉಳಿಯಿತು. ಅದನ್ನು ಹೆಚ್ಚಿಸಬೇಕೆಂಬ ಕೊನೆಯ ಅರ್ಜಿ 2023ರ ಮಾರ್ಚ್‌ನಲ್ಲಿ ವಜಾ ಆಯಿತು.

ಯೇಲ್ ವಿಶ್ವವಿದ್ಯಾಲಯದ ಕಾನೂನು ಚಿಂತಕ ಓವೆನ್ ಫಿಸ್ 1984ರಲ್ಲೇ ರಾಜಿಯ ವಿರುದ್ಧ ಬರೆದ ಪ್ರಬಂಧ ಇಂಥ ಅಪಾಯವನ್ನು ಗುರುತಿಸಿತ್ತು. ಬಡವನಿಗೆ ಹಣ ಇವತ್ತೇ ಬೇಕು, ಶ್ರೀಮಂತ ಕಾಯಬಲ್ಲ; ಆದ್ದರಿಂದ ರಾಜಿ ಬಹಳ ಸಲ ಸಮಬಲದವರ ಒಪ್ಪಂದವಾಗಿರುವುದಿಲ್ಲ ಎಂಬುದು ಅವರ ಒಂದು ವಾದ. ಕೋರ್ಟು ಇರುವುದು ಇಬ್ಬರನ್ನು ಸುಮ್ಮನಾಗಿಸಲು ಮಾತ್ರವಲ್ಲ, ಸಮಾಜ ನಂಬಿದ ಮೌಲ್ಯಗಳನ್ನು ಎಲ್ಲರೆದುರು ಸಾರಿ ಹೇಳಲು ಎಂಬುದು ಇನ್ನೊಂದು. ಅಮೆರಿಕದ ಶಾಲೆಗಳ ವರ್ಣಭೇದದ ಪ್ರಶ್ನೆ ಕೋಣೆಯೊಳಗಿನ ಒಪ್ಪಂದದಲ್ಲಿ ಮುಗಿದಿದ್ದರೆ 1954ರ ತೀರ್ಪು ಹುಟ್ಟುತ್ತಿರಲಿಲ್ಲ. ಫಿಸ್ ಮಾತು ಎಲ್ಲ ವ್ಯಾಜ್ಯಕ್ಕೂ ಹೊಂದುವುದಿಲ್ಲ. ಅಣ್ಣತಮ್ಮಂದಿರ ಬದುವಿನ ತಕರಾರಿಗೆ ಸಾರಿ ಹೇಳುವ ತೀರ್ಪಿಗಿಂತ ಮತ್ತೆ ಮಾತಾಡುವ ದಾರಿ ಮುಖ್ಯ. ಆದರೆ ಭೋಪಾಲದಂಥ ಕಡೆ ಅವರ ಮಾತಿಗೆ ಎದುರಾಡಲು ಜಾಗವಿಲ್ಲ.

ಭಾರತದ ಕಾನೂನು ಈ ಗೆರೆಯನ್ನು ನಿಧಾನವಾಗಿ ಎಳೆಯುತ್ತ ಬಂದಿದೆ. 1982ರಲ್ಲಿ ಗುಜರಾತಿನ ಜುನಾಗಢ ಜಿಲ್ಲೆಯಲ್ಲಿ ಆರಂಭವಾದ ಲೋಕ ಅದಾಲತ್ತಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಆಸರೆ ಕೊಟ್ಟಿತು. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ; ಅದಕ್ಕೆ ಮೇಲ್ಮನವಿ ಇಲ್ಲ. ಮೇಲ್ಮನವಿ ಇಲ್ಲದ ಜಾಗದಲ್ಲಿ ಒಪ್ಪಿಗೆ ನಿಜವಾಗಿರಬೇಕಾದ ಅಗತ್ಯ ಇನ್ನೂ ಹೆಚ್ಚು. ಪಂಜಾಬಿನ ಒಂದು ಅಪಘಾತ ಪ್ರಕರಣದಲ್ಲಿ ಲೋಕ ಅದಾಲತ್ ಇಬ್ಬರ ಒಪ್ಪಿಗೆಯಿಲ್ಲದೆ ತಾನೇ ಪರಿಹಾರದ ಮೊತ್ತ ಏರಿಸಿತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪೆಂದು ಹೇಳಿ, ಲೋಕ ಅದಾಲತ್ತಿಗೆ ತೀರ್ಪು ಹೇರುವ ಅಧಿಕಾರವೇ ಇಲ್ಲ ಎಂದಿತು. ಆ ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. 2010ರ ಆಫ್ಕಾನ್ಸ್ ತೀರ್ಪಿನಲ್ಲಿ ಅವರೇ, ಯಾವ ವ್ಯಾಜ್ಯ ಸಂಧಾನಕ್ಕೆ ತಕ್ಕದ್ದು, ಯಾವುದು ಅಲ್ಲ ಎಂದು ಪಟ್ಟಿ ಮಾಡಿದರು. ಚುನಾವಣೆ ತಕರಾರು, ಗಂಭೀರ ವಂಚನೆಯ ಆರೋಪ, ಕ್ರಿಮಿನಲ್ ಮೊಕದ್ದಮೆಗಳ ಜೊತೆಗೆ ಅಪ್ರಾಪ್ತ ಮಕ್ಕಳು, ಬುದ್ಧಿಮಾಂದ್ಯರು, ದೇವರ ವಿಗ್ರಹಗಳು ಕಕ್ಷಿಯಾಗಿರುವ, ಕೋರ್ಟಿನ ರಕ್ಷಣೆ ಬೇಕಾದ ದಾವೆಗಳೂ ಹೊರಗುಳಿದವು. ಮಗುವಾಗಲಿ ಗುಡಿಯೊಳಗಿನ ಮೂರ್ತಿಯಾಗಲಿ ತಾವಾಗಿ ಒಲ್ಲೆ ಎನ್ನಲಾರವು.

ವ್ಯಾಪಾರಿ ಕರಾರುಗಳಲ್ಲೂ ಇದೇ ಪ್ರಶ್ನೆ ಎದ್ದಿತು. ಸರ್ಕಾರಿ ಗುತ್ತಿಗೆಗಳಲ್ಲಿ, ತಕರಾರು ಬಂದರೆ ಆರ್ಬಿಟ್ರೇಟರ್ ಯಾರೆಂಬುದನ್ನು ಸರ್ಕಾರಿ ಸಂಸ್ಥೆಯೇ ಗೊತ್ತುಮಾಡುತ್ತದೆ ಎಂಬ ಷರತ್ತು ಬಹುಕಾಲ ಇತ್ತು. ಗುತ್ತಿಗೆದಾರ ಸಹಿ ಹಾಕಿದ್ದಾನಲ್ಲ ಎಂಬುದು ಅದಕ್ಕೆ ಸಮರ್ಥನೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಒಂದೇ ಕಡೆಯವರು ಪಂಚನನ್ನು ನೇಮಿಸುವ ಇಂಥ ಷರತ್ತು ಸಂವಿಧಾನದ 14ನೇ ವಿಧಿ ಸಾರುವ ಸಮಾನತೆಗೆ ವಿರುದ್ಧವೆಂದಿತು. ಕಾಗದದ ಮೇಲಿನ ಸಹಿಯೊಂದೇ ಒಪ್ಪಿಗೆಗೆ ಸಾಕ್ಷಿಯಾಗದು ಎಂಬ ಮಾತನ್ನು ಇಂದಿನ ನ್ಯಾಯಪೀಠವೂ ಎತ್ತಿಹಿಡಿದಂತಾಯಿತು.

ಧಾರ್ಮಿಕ ಪೀಠಗಳ ನ್ಯಾಯದಾನವನ್ನೂ ಈ ಅಳತೆಯಲ್ಲೇ ನೋಡಬೇಕು. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರಗಳಂದು ಜಮೀನು, ಪಾಲು, ಸಂಸಾರದ ವ್ಯಾಜ್ಯಗಳು ಸ್ವಾಮೀಜಿಯವರ ಮುಂದೆ ಬರುತ್ತವೆ. ಧರ್ಮಸ್ಥಳದ ಹೆಗ್ಗಡೆಯವರ ಮುಂದೆ ದೂರು ಕೊಂಡೊಯ್ಯುವ ಹೊಯ್ಲಿನ ಪದ್ಧತಿ ಬಹಳ ಹಳೆಯದು. ಇಲ್ಲಿ ಅಮೀನರಿಲ್ಲ, ಜಪ್ತಿಯಿಲ್ಲ. ನಡೆಯುವುದೆಲ್ಲ ಬಂದವರ ನಂಬಿಕೆಯ ಮೇಲೆ. ಬಂದವರು ಬೇಡವೆನಿಸಿದರೆ ಸಿವಿಲ್ ಕೋರ್ಟಿಗೆ ಹೋಗಬಹುದು ಎಂಬಷ್ಟರ ಮಟ್ಟಿಗೆ ಇದು ಮಿತಾಕ್ಷರದ ಮೆಟ್ಟಿಲಿನಂತೆಯೇ ಇದೆ. ಅದೇ ಜಾತಿ ಪಂಚಾಯ್ತಿಯೊಂದು ಕೋರ್ಟಿಗೆ ಹೋದವರಿಗೆ ಬಹಿಷ್ಕಾರ ಹಾಕಿದ ದಿನ ಬಾಗಿಲು ಮುಚ್ಚಿತು, ನ್ಯಾಯವೂ ಹೋಯಿತು. ಫತ್ವಾಗಳ ಕುರಿತ 2014ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಡಿದದ್ದು ಈ ಎಳೆಯನ್ನೇ. ಫತ್ವಾ ಕೊಡುವುದು, ಕೇಳಿದವರು ಸ್ವಇಚ್ಛೆಯಿಂದ ಪಾಲಿಸುವುದು ಅಪರಾಧವಲ್ಲ. ಆದರೆ ಅದಕ್ಕೆ ಕಾನೂನಿನ ಬಲವಿಲ್ಲ, ಕೇಳದವರ ಮೇಲೆ ಹೇರುವಂತಿಲ್ಲ. ಆ ದಾವೆಗೆ ಕಾರಣವಾದ ಒಂದು ಫತ್ವಾ ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳೊಬ್ಬಳ ಮದುವೆಯ ಬಗ್ಗೆ, ಆಕೆ ಕೇಳದೆಯೇ, ಮೂರನೆಯವರ ಪ್ರಶ್ನೆಗೆ ಉತ್ತರವಾಗಿ ಬಂದದ್ದು.

2023ರ ಮಧ್ಯಸ್ಥಿಕೆ ಕಾಯ್ದೆಯ ಮೂಲ ಕರಡು, ದಾವೆ ಹೂಡುವ ಮುನ್ನ ಮಧ್ಯಸ್ಥಿಕೆಗೆ ಹೋಗಲೇಬೇಕೆಂದು ಕಡ್ಡಾಯ ಮಾಡಿತ್ತು. ಸಂಸತ್ತಿನ ಸ್ಥಾಯಿ ಸಮಿತಿಯ ಆಕ್ಷೇಪದ ನಂತರ ಅದು ಐಚ್ಛಿಕವಾಯಿತು. ಮಧ್ಯಸ್ಥಿಕೆ ಬೇಡವೆನಿಸಿದರೆ ಕಕ್ಷಿದಾರ ಎದ್ದು ಹೋಗಬಹುದೆಂದೂ ಕಾಯ್ದೆ ಹೇಳುತ್ತದೆ. ಇದು ಸರಿಯಾದ ಹೆಜ್ಜೆ. ಆದರೆ ಎದ್ದು ಹೋದವನು ತಲುಪುವುದು ಹದಿನೈದು ವರ್ಷ ಕಾಯಿಸುವ ಕೋರ್ಟಿಗಾದರೆ, ಎದ್ದು ಹೋಗುವ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ. ಕೋರ್ಟುಗಳ ವಿಳಂಬವೇ ಬಡವನ ಕೈಯಿಂದ ಸಹಿ ಹಾಕಿಸುವ ಬಲವಂತ. ಆದ್ದರಿಂದ ಖಾಲಿ ಬಿದ್ದ ನ್ಯಾಯಾಧೀಶರ ಹುದ್ದೆ ತುಂಬುವುದನ್ನು ರಾಜಿ ಆಂದೋಲನದಿಂದ ಬೇರೆ ಮಾಡಿ ನೋಡಲಾಗದು. ತೀರ್ಪು ಬೇಗ ಸಿಗುವ ಊರಿನಲ್ಲಿ ಮಾತ್ರ ರಾಜಿ ಔದಾರ್ಯವಾಗಿ ಉಳಿಯುತ್ತದೆ.

ಅದಾಗುವವರೆಗೂ ಮಾಡಬಹುದಾದ ಒಂದು ಕೆಲಸವಿದೆ. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಹೆಂಗಸು ಲೋಕ ಅದಾಲತ್ತಿನಲ್ಲಿ ವಿಮಾ ಕಂಪನಿಯ ಮೊತ್ತಕ್ಕೆ ಸಹಿ ಹಾಕುವ ಮುಂಚೆ, ಪೀಠದಲ್ಲಿ ಕೂತವರು ಆಕೆಯನ್ನು ಬೇರೆಯಾಗಿ, ಆಕೆಯ ಮಾತಿನಲ್ಲೇ ಕೇಳಬೇಕು: ಕೋರ್ಟಿನಲ್ಲಿ ನಡೆಸಿದರೆ ಎಷ್ಟು ಸಿಗಬಹುದೆಂದು ಯಾರಾದರೂ ಹೇಳಿದ್ದಾರಾ? ಬೇಡವೆಂದರೆ ದಾವೆ ಹಾಗೇ ಉಳಿಯುತ್ತದೆಂದು ಗೊತ್ತಾ? ಎರಡಕ್ಕೂ ಆಕೆ ಹೌದೆಂದದ್ದು ದಾಖಲಾಗದಿದ್ದರೆ ಆ ದಿನದ ಇತ್ಯರ್ಥದ ಸಂಖ್ಯೆ ಒಂದು ಕಡಿಮೆಯಾದರೂ ಸರಿ, ಕಡತವನ್ನು ಬಂದ ಕೋರ್ಟಿಗೇ ವಾಪಸು ಕಳಿಸಬೇಕು. ರಾಜಿಯಾಗದ ಪ್ರಕರಣವನ್ನು ಹಾಗೆ ಹಿಂದಿರುಗಿಸಲು 1987ರ ಕಾಯ್ದೆಯ 20ನೇ ಸೆಕ್ಷನ್ನಿನಲ್ಲಿ ಈಗಾಗಲೇ ಅವಕಾಶವಿದೆ.